ಮೈಸೂರಿನಿಂದ ತೊಣ್ಣೂರು ಕೆರೆ, ಅಲ್ಲಿಂದ ಮೇಲುಕೋಟೆ ಕಾಡು: ಸೈಕಲ್ಲಾ, ನಡಿಗೆಯಾ?

ಎರಡುಗಾಲಿ:
ಚಾಮುಂಡಿ ಬೆಟ್ಟ ಹತ್ತಿ ಇಳಿದು ಸಾಕಾಗಿದೆ. ವಾರಕ್ಕೆ ಮೂರು ಸಲ ಅದೇ ತಿರುವು, ಅದೇ ಕೋತಿಗಳು. ಈಗ ಅವು ನನ್ನ ಗುರುತು ಹಿಡಿಯುತ್ತವೆ ಅಂತ ಅನುಮಾನ.

ಡಿಸೆಂಬರ್‌ನಲ್ಲಿ ಒಂದು ಭಾನುವಾರ ನಾವು ಮೂವರು ಬೇರೆ ಕಡೆ ಹೋಗೋಣ ಅಂದುಕೊಂಡಿದ್ದೇವೆ. ಬೆಳಗ್ಗೆ ಐದೂವರೆಗೆ ಮೈಸೂರು ಬಿಡುವುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆರೆ ತೊಣ್ಣೂರು, ಆಮೇಲೆ ಮೇಲುಕೋಟೆ. ಸಂಜೆಗೆ ವಾಪಸ್. ನನ್ನ ಲೆಕ್ಕದಲ್ಲಿ ಹೋಗಿಬರುವುದು ನೂರು ಕಿ.ಮೀ. ದಾಟುತ್ತದೆ. ದೂರದ ಬಗ್ಗೆ ಚಿಂತೆ ಇಲ್ಲ. ಆದರೆ ಮೂವರಲ್ಲಿ ಒಬ್ಬನಿಗೆ ಸೈಕಲ್‌ಗಿಂತ ನಡಿಗೆ ಇಷ್ಟ. "ಬಸ್ಸಲ್ಲಿ ಹೋಗಿ ಕೆರೆ ಸುತ್ತ ನಡೆಯೋಣ, ಕಾಡಲ್ಲಿ ನಡೆಯೋಣ, ತುಳಿದು ಸಾಯೋದು ಯಾಕೆ" ಅಂತಾನೆ. ಹೋಗಿಬಂದವರು ಯಾರಾದರೂ ಇದ್ದರೆ ಹೇಳಿ. ರಸ್ತೆ ಹೇಗಿದೆ? ಕೆರೆ ಸುತ್ತ ದಾರಿ ಇದೆಯಾ? ಮೇಲುಕೋಟೆ ಕಾಡೊಳಗೆ ಸೈಕಲ್ ಬಿಡ್ತಾರಾ?

ಪಂಚರ್ ಪರಂಪರೆ:
ಎರಡು ಟ್ಯೂಬ್ ಇಟ್ಕೊಳ್ಳಿ. ಬಾಕಿ ವಿಷಯ ಆಮೇಲೆ.

ಹಿರೋಡೆಯವನು:
ನಾನು ಆ ಕಡೆಯವನೇ. ಪಾಂಡವಪುರಕ್ಕೆ ಹಿರೋಡೆ ಅಂತ ಹಳೆಯ ಹೆಸರು, ಅದಕ್ಕೇ ಈ ಬಳಕೆಹೆಸರು. ಇಂಗ್ಲಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರ ಬೀಡು ಇದ್ದ ಜಾಗ.

ಮೊದಲು ರಸ್ತೆ ವಿಷಯ. ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಸೈಕಲ್ ಹತ್ತಿಸಬೇಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಜೊತೆಗೆ ಸೈಕಲ್ಲಿಗೂ ಅಲ್ಲಿ ನಿಷೇಧ ಇದೆ. ಸರ್ವಿಸ್ ರಸ್ತೆಯಲ್ಲೇ ಹೋಗಿ. ಎದುರಿನಿಂದ ರಾಂಗ್ ಸೈಡಲ್ಲಿ ಬರುವವರಿಗೆ ಅದು ತವರುಮನೆ. ಬೆಳಕು ಹರಿಯುವ ಮೊದಲು ಮುಂದಿನ ದೀಪ ಉರಿಯುತ್ತಲೇ ಇರಲಿ.

ಶ್ರೀರಂಗಪಟ್ಟಣದಲ್ಲಿ ಐದು ನಿಮಿಷ ನಿಂತು ವೆಲ್ಲೆಸ್ಲಿ ಸೇತುವೆ ನೋಡಿ. ಪೂರ್ಣಯ್ಯ ದಿವಾನರಾಗಿದ್ದಾಗ, 1804ರಲ್ಲಿ ಕಟ್ಟಿದ್ದು. ಸಾಲು ಸಾಲು ಕಲ್ಲುಕಂಬಗಳು, ಮೇಲೆ ಕಲ್ಲಿನ ಹಾಸು. ಅಲ್ಲಿಂದ ಕಿರಂಗೂರಿಗೆ ಬಂದು ಪಾಂಡವಪುರದ ಕಡೆ ತಿರುಗಿ. ಕಿರಂಗೂರಿನ ಬನ್ನಿಮಂಟಪದಿಂದಲೇ ಶ್ರೀರಂಗಪಟ್ಟಣದ ದಸರಾ ಹೊರಡುವುದು.

ಅಲ್ಲಿಂದ ಮುಂದೆ ಬರೀ ನೀರು, ಕಬ್ಬು, ಭತ್ತ. ನಿಜವಾದ ಸವಾರಿ ಶುರುವಾಗುವುದೇ ಅಲ್ಲಿ. ಆದರೆ ಡಿಸೆಂಬರ್ ಅಂದರೆ ಕಬ್ಬು ಕಡಿಯುವ ಕಾಲ. ಟ್ರಾಕ್ಟರಿಗೆ ಎರಡು ಟ್ರೇಲರ್ ಸಿಕ್ಕಿಸಿ ಆಕಾಶ ಮುಟ್ಟುವ ಹಾಗೆ ಕಬ್ಬು ಪೇರಿಸಿರುತ್ತಾರೆ. ಹಿಂದೆ ಕೆಂಪು ದೀಪ ಇರುವುದು ಅಪರೂಪ. ಅದರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳೋಣ ಅನ್ನುವ ಚಪಲ ಬರುತ್ತೆ. ಬೇಡ. ಒಂದು ಕಬ್ಬು ಜಾರಿ ಮುಂದಿನ ಚಕ್ರಕ್ಕೆ ಸಿಕ್ಕಿದರೆ ಮುಗೀತು.

ಇನ್ನೊಂದು ಮಾತು, ತಮಾಷೆ ಅಲ್ಲ. ಮ್ಯಾಪ್ ನೋಡಿ ನಾಲೆ ಏರಿ ಮೇಲಿನ ದಾರಿ ಚೆನ್ನಾಗಿದೆ, ಸಪಾಟಾಗಿದೆ ಅಂತ ಹೋಗುವವರಿದ್ದಾರೆ. ವಿ.ಸಿ. ನಾಲೆಯಲ್ಲಿ, ಅಂದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರಿನ ಓಟ ಜೋರು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ತಡೆಗೋಡೆ ಇಲ್ಲದ ಕಡೆ ನಾಲೆ ದಂಡೆಯಲ್ಲಿ ಸೈಕಲ್ ಇಳಿದು ನಡೆಯಿರಿ.

ನಿಧಾನವೇ ಪ್ರಧಾನ:
ನಡೆಯುವವರ ಪರವಾಗಿ ನಾನು ವಕಾಲತ್ತು ವಹಿಸುತ್ತೇನೆ. ನಿವೃತ್ತನಾಗಿ ಹನ್ನೊಂದು ವರ್ಷ. ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ಕೆರೆ, 1864ರದು. ಕುವೆಂಪು ಸಂಜೆ ನಡೆಯುತ್ತಿದ್ದ ದಂಡೆ ಅಂತ ಹೊಸಬರಿಗೆಲ್ಲ ತೋರಿಸುವುದು ನನ್ನ ಕೆಲಸ.

ತೊಣ್ಣೂರಿಗೆ ಮೊದಲ ಸಲ ಹೋದಾಗ ನನಗೆ ಆಶ್ಚರ್ಯವಾದದ್ದು ನೀರಲ್ಲ, ಏರಿ. ನಮ್ಮ ಬಯಲುಸೀಮೆ ಕೆರೆಗಳ ಏರಿ ಉದ್ದಕ್ಕೆ ಬಿಲ್ಲಿನ ಹಾಗೆ ಬಾಗಿಕೊಂಡು ಹೋಗುತ್ತಲೇ ಇರುತ್ತದೆ. ತೊಣ್ಣೂರಿನದು ಗಿಡ್ಡ. ಎರಡು ಕಲ್ಲುಬೆಟ್ಟಗಳ ನಡುವಿನ ಕಂಡಿಯನ್ನು ಮುಚ್ಚಿದ್ದಾರೆ, ಅಷ್ಟೇ. ಮಿಕ್ಕ ಗೋಡೆಯನ್ನೆಲ್ಲ ಬೆಟ್ಟವೇ ಕಟ್ಟಿಕೊಟ್ಟಿದೆ. ಆದರೆ ಆ ಗಿಡ್ಡ ಏರಿ ಎಷ್ಟು ದಪ್ಪ ಅನ್ನುವುದು ಮೇಲೆ ನಿಂತರೆ ತಿಳಿಯುವುದಿಲ್ಲ. ಕೆಳಗಿಳಿದು ಬುಡದಲ್ಲಿ ನಡೆದರೆ ಗೊತ್ತಾಗುತ್ತೆ. ಏರಿಯ ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ಬಹಳ ಕೆಳಗೆ ತೆಂಗಿನ ಗರಿಗಳು. ತೆಂಗಿನ ಮರದ ತಲೆಯನ್ನು ನಾವು ಮೇಲಿಂದ ನೋಡುತ್ತೇವೆ. ಸೈಕಲ್ ಮೇಲೆ ಏರಿ ದಾಟುವುದಕ್ಕೆ ಎರಡು ನಿಮಿಷ ಸಾಕು. ಎರಡು ನಿಮಿಷದಲ್ಲಿ ಇದೆಲ್ಲ ಎಲ್ಲಿ ಕಾಣುತ್ತೆ ಹೇಳಿ?

ರಾಮಾನುಜಾಚಾರ್ಯರು ಈ ಕೆರೆಗೆ ತಿರುಮಲ ಸಾಗರ ಅಂತ ಹೆಸರಿಟ್ಟರು ಅನ್ನುತ್ತಾರೆ. 1746ರಲ್ಲಿ ಬಂದ ದಖನ್ ಸುಬೇದಾರನ ಮಗ ನಾಸಿರ್ ಜಂಗ್ ನೀರು ನೋಡಿ ಮೋತಿ ತಲಾಬ್ ಅಂದ, ಮುತ್ತಿನ ಕೆರೆ. ಊರವರು ಮಾತ್ರ ಇವತ್ತಿಗೂ ಕೆರೆ ತೊಣ್ಣೂರು ಅಂತಲೇ ಅನ್ನುತ್ತಾರೆ. ಕೆರೆಯ ಹೆಸರೇ ಊರ ಹೆಸರಿಗೆ ಅಂಟಿಕೊಂಡಿದೆ ನೋಡಿ.

ಎರಡುಗಾಲಿ:
ಸಾರ್, ನಿಮ್ಮ ಬರಹ ನಡೆಯುವ ಗೆಳೆಯನಿಗೆ ತೋರಿಸಿಬಿಟ್ಟೆ. ಈಗ ಅವನನ್ನು ಹಿಡಿಯೋರಿಲ್ಲ.

ಕಗ್ಗಲಿ:
ಕಾಡಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಯಾಕೆಂದರೆ ಇದರಲ್ಲಿ ಜನ ಎಡವುವುದು ಜಾಸ್ತಿ.

ಮೇಲುಕೋಟೆ ಸುತ್ತಲಿನದು ಬರೀ ಕಾಡಲ್ಲ, ವನ್ಯಜೀವಿ ಧಾಮ. 1974ರಲ್ಲಿ ಘೋಷಣೆಯಾಯಿತು. ಮುಖ್ಯ ಉದ್ದೇಶ ತೋಳ. ಹೌದು, ತೋಳ. ವಿಸ್ತೀರ್ಣ ಸುಮಾರು 50 ಚದರ ಕಿ.ಮೀ. ಸಾರ್ವಜನಿಕ ರಸ್ತೆ ಇರುವ ಕಡೆ ಆರಾಮವಾಗಿ ಹೋಗಿ, ಯಾರೂ ತಡೆಯುವುದಿಲ್ಲ. ರಸ್ತೆ ಬಿಟ್ಟು ಕಾಲುದಾರಿಗೆ ಸೈಕಲ್ ತಿರುಗಿಸಿದರೆ ಕಥೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದೊಳಗೆ ಹೋಗುವುದಕ್ಕೆ ಅನುಮತಿ ಬೇಕು. "ದನ ಮೇಯಿಸುವವರು ಹೋಗ್ತಾರಲ್ಲ, ನಾವು ಯಾಕೆ ಹೋಗಬಾರದು" ಅಂತ ವಾದ ಮಾಡಬೇಡಿ. ಮೊದಲೇ ಅರಣ್ಯ ಇಲಾಖೆಯವರನ್ನು ಕೇಳಿ.

ಹೋದವರು ಬಂದು "ಅದೇನು ಕಾಡು, ಬರೀ ಕುರುಚಲು" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಆಗ. ತೋಳಕ್ಕೆ ಬೇಕಾದದ್ದು ಆಗುಂಬೆಯಂಥ ಕಗ್ಗಾಡಲ್ಲ. ಕುರುಚಲು, ಕಲ್ಲುಗುಡ್ಡ, ನಡುನಡುವೆ ಹುಲ್ಲು, ಮರೆಯಾಗಲು ಒಂದು ಕೊರಕಲು. ಇದೂ ಕಾಡೇ. ಕಗ್ಗಲಿ, ಮುತ್ತುಗ, ದಿಂಡಿಗ, ತಂಗಡಿ, ಸೀಗೆ. ಡಿಸೆಂಬರ್‌ನಲ್ಲಿ ಎಲೆ ಒಣಗುತ್ತಿರುತ್ತವೆ. ಫೆಬ್ರವರಿ ಕೊನೆಗೆ ಬಂದರೆ ಎಲೆಯೇ ಇಲ್ಲದ ಮುತ್ತುಗದಲ್ಲಿ ಬೆಂಕಿ ಬಣ್ಣದ ಹೂ ನೋಡಬಹುದು.

ತೋಳ ಕಾಣುತ್ತಾ ಅಂತ ಮುಂದಿನ ಪ್ರಶ್ನೆ ಬರುತ್ತೆ. ಹತ್ತಾರು ಸಲ ಹೋಗಿದ್ದೇನೆ, ಒಂದು ಸಲವೂ ಕಂಡಿಲ್ಲ. ನವಿಲು, ಮುಂಗುಸಿ ಧಾರಾಳ. ಒಮ್ಮೆ ತೋಳ ಅಂತ ಉಸಿರು ಬಿಗಿಹಿಡಿದು ಅರ್ಧ ಗಂಟೆ ಕೂತೆ. ಎದ್ದು ಮೈಮುರಿದು ಬೊಗಳಿತು.

ಪಂಚರ್ ಪರಂಪರೆ:
ಹ್ಹಹ್ಹ. ಅದಕ್ಕೂ ಎರಡು ಟ್ಯೂಬ್ ಇಟ್ಕೊಳ್ಳಿ.

ಸಮುದ್ರಕ್ಕಿಂತ ಕೆಳಗೆ:
ನಾನು ಮಂಡ್ಯದವಳು, ಈಗ ನೆದರ್ಲೆಂಡ್ಸ್‌ನಲ್ಲಿ ಇದ್ದೇನೆ. ಓದಿ ಹೊಟ್ಟೆಯುರಿಯಿತು. ಇಲ್ಲಿ ಸೈಕಲ್ ದಾರಿಗಳಿಗೆ ಅಡ್ಡರಸ್ತೆ ಸಂಖ್ಯೆ ಅಂತ ಒಂದು ಪದ್ಧತಿ ಇದೆ. ಎರಡು ಸೈಕಲ್ ದಾರಿ ಸೇರುವ ಕಡೆಯೆಲ್ಲ ಕಂಬಕ್ಕೆ ಒಂದು ನಂಬರ್. ಮುಂದಿನ ನಂಬರಿಗೆ ಬಾಣದ ಗುರುತು. ಮನೆಯಿಂದ ಹೊರಡುವಾಗ ಚೀಟಿಯಲ್ಲಿ 12, 45, 77, 30 ಅಂತ ಬರೆದುಕೊಂಡರೆ ಸಾಕು. ಕಾಡು, ಕೆರೆ, ಕಾಲುವೆ ದಂಡೆ ಎಲ್ಲ ಸುತ್ತಿ ಮನೆಗೆ ಬರಬಹುದು. ಮೊಬೈಲ್ ಜೇಬಿಂದ ತೆಗೆಯುವ ಹಾಗೇ ಇಲ್ಲ. 1995ರಲ್ಲಿ ಪಕ್ಕದ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಶುರುವಾಗಿ ಇಲ್ಲಿಗೂ ಹಬ್ಬಿದ್ದು.

ಆದರೆ ಒಂದು ಕೊರತೆ. ಏರು ಇಲ್ಲ. ಸೇತುವೆ ಹತ್ತುವುದೇ ಇಲ್ಲಿ ಬೆಟ್ಟ ಹತ್ತಿದ ಹಾಗೆ. ಮೇಲುಕೋಟೆ ಏರು ನೆನೆಸಿಕೊಂಡರೆ ತೊಡೆ ಈಗಲೂ ನೋಯುತ್ತೆ.

ಹಿರೋಡೆಯವನು:
ನಮ್ಮಲ್ಲೂ ಪದ್ಧತಿ ಇದೆ ತಾಯಿ. ಅರಳಿಕಟ್ಟೆ ಸಿಕ್ಕಿದರೆ ಎಡಕ್ಕೆ, ಹಿಟ್ಟಿನ ಗಿರಣಿ ದಾಟಿ ಬಲಕ್ಕೆ, ತೂಬಿನ ಹತ್ತಿರ ಯಾರನ್ನಾದರೂ ಕೇಳು. ಕೇಳಿದವನು ತಾನೇ ಬೈಕ್ ತಿರುಗಿಸಿ ಅರ್ಧ ದಾರಿ ಬಂದು ಬಿಟ್ಟು ಹೋಗುತ್ತಾನೆ. ನಂಬರಿನ ಕಂಬ ಬರುತ್ತಾ?

ಬೆಳಗಿನ ಬಸ್ಸು:
ಒಂದು ಪ್ರಶ್ನೆ ಯಾರೂ ಕೇಳುತ್ತಿಲ್ಲ, ನಾನೇ ಕೇಳುತ್ತೇನೆ. ಈ ದಾರಿಯಲ್ಲಿ ಹೆಂಗಸರು ಒಬ್ಬರೇ ಹೋಗಬಹುದಾ? ಶೌಚಾಲಯ ಎಲ್ಲೆಲ್ಲಿ?

ಸಮುದ್ರಕ್ಕಿಂತ ಕೆಳಗೆ:
ನಾನು ಊರಲ್ಲಿದ್ದಾಗ ಇಬ್ಬರು ಹುಡುಗಿಯರು ಹೋಗಿದ್ದೆವು, ಕೆಲವು ಸಲ ಒಬ್ಬಳೇ ಹೋಗಿದ್ದೆ. ಹಗಲಲ್ಲಿ ತೊಂದರೆ ಆಗಲಿಲ್ಲ. ಗದ್ದೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. "ಏನವ್ವ, ಬಸ್ ತಪ್ಪೋಯ್ತಾ?" ಅಂತ ಕೇಳುತ್ತಾರೆ, ಅದೊಂದು ಸಹಿಸಿಕೊಳ್ಳಬೇಕು. ಕೆರೆಯ ಹತ್ತಿರ ಭಾನುವಾರ ಮಧ್ಯಾಹ್ನ ಕುಡಿಯಲು ಬರುವ ಗುಂಪುಗಳಿಂದ ದೂರ ಇರಿ. ಬೆಳಗ್ಗೆ ಒಂಬತ್ತರೊಳಗೆ ಕೆರೆ ನೋಡಿ ಹೊರಟುಬಿಡಿ. ಶೌಚಾಲಯ ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ ಈ ಮೂರೇ ಅಂತ ಲೆಕ್ಕ ಹಾಕಿಕೊಳ್ಳಿ. ಮೇಲುಕೋಟೆ ದೊಡ್ಡ ಯಾತ್ರಾಸ್ಥಳ, ವ್ಯವಸ್ಥೆ ಇದೆ. ನಡುವೆ ಏನೂ ಸಿಗಲ್ಲ ಅಂದುಕೊಂಡೇ ಹೊರಡಿ.

ಬೆಳಗಿನ ಬಸ್ಸು:
ಥ್ಯಾಂಕ್ಸ್. ಇಂಥ ಉತ್ತರ ಯಾವ ಪ್ರವಾಸ ಲೇಖನದಲ್ಲೂ ಇರಲ್ಲ.

ಎರಡುಗಾಲಿ:
ಹೋಗಿ ಬಂದೆವು! ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಗೆಳೆಯ ಕೊನೆಗೂ ಸೈಕಲ್ ಹತ್ತಲಿಲ್ಲ. ಬಸ್ಸಲ್ಲಿ ಪಾಂಡವಪುರಕ್ಕೆ ಬಂದು ಅಲ್ಲಿಂದ ಆಟೋದಲ್ಲಿ ಕೆರೆಗೆ ಬರುತ್ತೇನೆ ಅಂದ. ನಾವಿಬ್ಬರು ಐದೂಮುಕ್ಕಾಲಿಗೆ ಹೊರಟೆವು. ಕಾವೇರಿ ಮೇಲೆ ಮಂಜು ಎಷ್ಟಿತ್ತೆಂದರೆ ಸೇತುವೆಯ ಆ ತುದಿ ಕಾಣಲಿಲ್ಲ. ಪಾಂಡವಪುರ ದಾಟಿದ ಮೇಲೆ ಆಲೆಮನೆಯ ವಾಸನೆ. ಒಂದು ಕಡೆ ನಿಂತೆವು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು, ಒಣಗಿದ ಸಿಪ್ಪೆಯನ್ನೇ ಒಲೆಗೆ ತಳ್ಳುತ್ತಿದ್ದರು. ಮುತ್ತುಗದ ಎಲೆ ಮೇಲೆ ಬಿಸಿ ಬೆಲ್ಲ ಇಟ್ಟು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ನನ್ನ ಜೇಬಲ್ಲಿದ್ದ ಎನರ್ಜಿ ಜೆಲ್ ಪೊಟ್ಟಣ ನೋಡಿ ನನಗೇ ನಾಚಿಕೆಯಾಯಿತು.

ಇನ್ನು ಮುಖ್ಯ ವಿಷಯ. ಪಂಚರ್ ಪರಂಪರೆಯವರೇ, ನಿಮ್ಮ ಮಾತು ಕೇಳಲಿಲ್ಲ. ಒಂದೇ ಟ್ಯೂಬ್ ಇಟ್ಟುಕೊಂಡಿದ್ದೆ.

ಕೆರೆಗೆ ಎರಡು ಕಿ.ಮೀ. ಇರುವಾಗ ಮೊದಲ ಪಂಚರ್. ಟ್ಯೂಬ್ ಬದಲಾಯಿಸಿದೆ. ಟೈರಿನ ಒಳಗೆ ಬೆರಳಾಡಿಸಿ ನೋಡಬೇಕಿತ್ತು, ಅವಸರದಲ್ಲಿ ನೋಡಲಿಲ್ಲ. ನೂರು ಮೀಟರ್‌ಗೆ ಮತ್ತೆ ಹೋಯಿತು. ಆಮೇಲೆ ಕಣ್ಣಿಟ್ಟು ನೋಡಿದರೆ ಬಳ್ಳಾರಿ ಜಾಲಿಯ ಮುಳ್ಳು. ಬೆರಳುಗುರಿನಷ್ಟು ಉದ್ದ, ಬೂದಿ ಬಣ್ಣ, ಹೊರಗೆ ಮುರಿದು ಒಳಗೆ ಮೊನೆ ಮಾತ್ರ ಉಳಿದಿತ್ತು. ಹೊಲದ ಬೇಲಿಗೆ ಕಡಿದು ಎಳೆದುಕೊಂಡು ಹೋಗುವಾಗ ರಸ್ತೆಯಲ್ಲಿ ಉದುರುತ್ತವಂತೆ.

ಸೈಕಲ್ ತಳ್ಳಿಕೊಂಡು ಊರಿಗೆ ಬಂದೆ. ಒಂದು ಪಂಚರ್ ಅಂಗಡಿ ತೆರೆದಿತ್ತು. ಅಜ್ಜ ಟ್ಯೂಬನ್ನು ಬಾಣಲೆ ನೀರಲ್ಲಿ ಮುಳುಗಿಸಿ ಗುಳ್ಳೆ ಬಂದ ಕಡೆ ಪೆನ್ಸಿಲಲ್ಲಿ ಗುರುತು ಹಾಕಿ, ಎರಡೂ ತೂತಿಗೆ ಐದು ನಿಮಿಷದಲ್ಲಿ ಪ್ಯಾಚ್ ಹಾಕಿದರು. ಆಮೇಲೆ ಗಾಳಿ ಹೊಡೆಯಲು ಹೋದರೆ ಪಂಪಿನ ಬಾಯಿ ನನ್ನ ವಾಲ್ವಿಗೆ ಕೂರುತ್ತಿಲ್ಲ. ನನ್ನದು ಪ್ರೆಸ್ಟಾ, ಆ ತೆಳ್ಳಗಿನ ಉದ್ದ ವಾಲ್ವ್. ಅವರ ಪಂಪು ಬೈಕು, ಕಾರಿನ ವಾಲ್ವಿಗೆ. ನನ್ನ ಕೈಪಂಪು ಎಲ್ಲಿ? ಜೊತೆಗಾರನ ಚೀಲದಲ್ಲಿ. ಅವನೆಲ್ಲಿ? ಎರಡನೇ ಪಂಚರ್ ಗೊತ್ತಾಗದೆ ಮುಂದೆ ಹೋಗಿ ಏರಿ ಮೇಲೆ ಫೋಟೊ ತೆಗೆಯುತ್ತಿದ್ದ. ಫೋನ್ ಸಿಗುತ್ತಿಲ್ಲ.

ಅಜ್ಜ ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿ ಒಂದೇ ಮಾತು ಹೇಳಿದರು. "ಇಷ್ಟು ದುಡ್ಡು ಕೊಟ್ಟು ಗಾಳಿ ಹೋಗದ ಸೈಕಲ್ ತಗೊಂಡಿದೀರಲ್ಲ."

ಹಾಗಾಗಿ ಕೆರೆಗೆ ನಾನು ನಡೆದೇ ಹೋದೆ, ಸೈಕಲ್ ಅಜ್ಜನ ಅಂಗಡಿಯಲ್ಲಿ. ನಿಧಾನವೇ ಪ್ರಧಾನ ಸಾರ್, ನಿಮಗೆ ಖುಷಿಯಾಗಬಹುದು. ಏರಿಯ ಬುಡದಲ್ಲಿ ನಡೆದೆ. ತೆಂಗಿನ ತಲೆಗಳನ್ನು ಮೊದಲು ಕೆಳಗಿಂದ, ಆಮೇಲೆ ಮೇಲಿಂದ ನೋಡಿದೆ. ತೂಬಿನ ನೀರು ಕೈಗಾಲುವೆಗೆ ಬೀಳುವ ಕಡೆ ಕಾಲು ಇಳಿಬಿಟ್ಟು ಕೂತೆ. ಆ ನೀರು ಹತ್ತು ಹೆಜ್ಜೆ ಮುಂದೆ ಎರಡಾಗಿ ಒಡೆದು ಒಂದು ಗದ್ದೆಗೆ, ಒಂದು ತೋಟಕ್ಕೆ ಹೋಗುತ್ತಿತ್ತು. ಒಬ್ಬ ಹೆಂಗಸು ಒಂದು ಹಿಡಿ ಮಣ್ಣು ಹಾಕಿ ತೋಟದ ಕಡೆಯದನ್ನು ಮುಚ್ಚಿದರು. ಗದ್ದೆ ಕಡೆ ನೀರು ಜೋರಾಯಿತು. ಅಷ್ಟೇ, ಆದರೆ ಇಪ್ಪತ್ತು ನಿಮಿಷ ನೋಡುತ್ತ ಕೂತಿದ್ದೆ. ಪಂಚರ್ ಆಗದಿದ್ದರೆ ನಾನು ಆ ಹೊತ್ತಿಗೆ ಜಕ್ಕನಹಳ್ಳಿಯಲ್ಲಿ ಸರಾಸರಿ ವೇಗ ನೋಡಿಕೊಳ್ಳುತ್ತಿದ್ದೆ.

ನಿಧಾನವೇ ಪ್ರಧಾನ:
ಖುಷಿಯಾಯಿತು. ಆ ಮುಳ್ಳನ್ನು ಇಟ್ಟುಕೊಂಡಿದ್ದೀರಾ?

ಎರಡುಗಾಲಿ:
ಪರ್ಸಲ್ಲಿದೆ ಸಾರ್.

ಪಂಚರ್ ಪರಂಪರೆ:
ಇದಕ್ಕೆ ಮದ್ದು ಇದೆ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಪ್ರೆಸ್ಟಾದ ತುದಿಯ ಚಿಕ್ಕ ಕಾಯಿ ಸಡಿಲಿಸಿ, ಇದನ್ನು ಮೇಲೆ ತಿರುಗಿಸಿದರೆ ಬೈಕಿನ ಪಂಪು ಕೂರುತ್ತೆ. ಒಂದು ಮಸಾಲೆ ದೋಸೆಗಿಂತ ಅಗ್ಗ. ವಾಲ್ವಿಗೇ ಸಿಕ್ಕಿಸಿಟ್ಟುಬಿಡಿ, ಚೀಲದಲ್ಲಿಟ್ಟರೆ ಕಳೆದುಹೋಗುತ್ತೆ. ಟೈರೊಳಗೆ ಬೆರಳಾಡಿಸುವಾಗ ಬರಿಗೈ ಬೇಡ, ಹತ್ತಿಬಟ್ಟೆ ಸವರಿ. ಮುಳ್ಳಿದ್ದರೆ ನೂಲು ಹಿಡಿದು ತೋರಿಸುತ್ತೆ. ಪಂಪು ಒಬ್ಬೊಬ್ಬರ ಹತ್ತಿರ ಒಂದೊಂದು ಇರಲಿ. ಹಂಚಿಕೊಳ್ಳೋಣ ಅಂದವರೆಲ್ಲ ಹೀಗೇ ತಳ್ಳಿಕೊಂಡು ಬಂದಿದ್ದಾರೆ.

ಕಗ್ಗಲಿ:
ಮೇಲುಕೋಟೆ ಏನಾಯ್ತು? ಕಾಡಿಗೆ ಹೋದಿರಾ?

ಎರಡುಗಾಲಿ:
ಹೋದೆವು. ಜೊತೆಗಾರ ವಾಪಸ್ ಬಂದ, ಗಾಳಿ ತುಂಬಿದೆವು, ಹೊರಟಾಗ ಹತ್ತೂವರೆ. ನಾಗಮಂಗಲದ ಕಡೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ಜಾಸ್ತಿ, ಆ ಭಾಗ ಇಷ್ಟವಾಗಲಿಲ್ಲ. ಜಕ್ಕನಹಳ್ಳಿಯಲ್ಲಿ ತಿರುಗಿದ ಮೇಲೆ ಐದಾರು ಕಿ.ಮೀ., ಕೊನೆಗೆ ಏರು. ಬಿಸಿಲು ನೆತ್ತಿಗೆ ಬಂದಿತ್ತು. ಎರಡು ಕಡೆ ಇಳಿದು ತಳ್ಳಿದೆ. ಯಾರಿಗೂ ಹೇಳಬಾರದು ಅಂದುಕೊಂಡಿದ್ದೆ, ಇಲ್ಲಿ ಹೇಳುತ್ತಿದ್ದೇನೆ.

ನಡೆಯುವ ಗೆಳೆಯ ಬಸ್ಸಲ್ಲಿ ನಮಗಿಂತ ಮೊದಲೇ ತಲುಪಿ ಕಲ್ಯಾಣಿ ಮೆಟ್ಟಿಲ ಮೇಲೆ ಪುಳಿಯೋಗರೆ ತಿನ್ನುತ್ತ ಕೂತಿದ್ದ. ಅಕ್ಕ-ತಂಗಿ ಕೊಳ ನೋಡಿಬಂದೆನೆಂದ. ಪಕ್ಕಪಕ್ಕದ ಎರಡು ಕೊಳ, ಒಂದರ ನೀರು ಕುಡಿಯಲು ಚೆನ್ನ, ಇನ್ನೊಂದರದು ಬಾಯಿಗಿಡಲಾಗದು ಅಂತ ಊರವರು ಹೇಳುತ್ತಾರಂತೆ. ರಾಯಗೋಪುರಕ್ಕೂ ಹೋಗಿದ್ದ, ಯೋಗನರಸಿಂಹನ ಬೆಟ್ಟವನ್ನೂ ಹತ್ತಿ ಇಳಿದಿದ್ದ. ನಾವು ತಲುಪಿದ್ದೇ ದೊಡ್ಡದು ಅಂತ ಅಲ್ಲೇ ಒರಗಿದೆವು. ಕಾಡು ನೋಡಿದ್ದು ರಸ್ತೆಯಿಂದಲೇ. ನವಿಲು ಆರು. ತೋಳ ಇಲ್ಲ, ನಾಯಿ ಇತ್ತು.

ವಾಪಸ್ ಬರುವಾಗ ಕತ್ತಲಾಗುತ್ತೆ ಅನ್ನಿಸಿ ಪಾಂಡವಪುರದಿಂದ ಸೈಕಲ್‌ಗಳನ್ನು ಗೂಡ್ಸ್ ಆಟೋಗೆ ಹಾಕಿದೆವು.

ಹಿರೋಡೆಯವನು:
ಒಳ್ಳೇದೇ ಮಾಡಿದಿರಿ. ಕತ್ತಲಲ್ಲಿ ಕಬ್ಬಿನ ಗದ್ದೆ ಪಕ್ಕ ಸೈಕಲ್ ಬೇಡ. ನಮ್ಮ ಕಡೆ ಚಿರತೆ ಕಬ್ಬಿನಲ್ಲೇ ಮರಿ ಹಾಕುತ್ತೆ. ಕಟಾವು ಶುರುವಾದರೆ ಅದಕ್ಕೂ ಮನೆ ಇಲ್ಲ, ಅತ್ತಿತ್ತ ಓಡಾಡುತ್ತಿರುತ್ತೆ.

ಇನ್ನೊಂದು. ಜೂನ್‌ನಿಂದ ಆಗಸ್ಟ್‌ವರೆಗೆ ಬರುವವರು ಗಾಳಿ ಲೆಕ್ಕ ಹಾಕಿ. ಮುಂಗಾರು ಗಾಳಿ ನೈರುತ್ಯದಿಂದ ಬೀಸುತ್ತೆ. ಹೋಗುವಾಗ ಬೆನ್ನಿಗೆ, "ಆಹಾ ನಾನೆಷ್ಟು ಗಟ್ಟಿಗ" ಅನ್ನಿಸುತ್ತೆ. ಬರುವಾಗ ಮುಖಕ್ಕೆ. ಮೇಲುಕೋಟೆಯ ವೈರಮುಡಿ ಉತ್ಸವದ ಸಮಯದಲ್ಲಿ, ಮಾರ್ಚ್-ಏಪ್ರಿಲ್‌ನಲ್ಲಿ, ಸೈಕಲ್ ತರಲೇಬೇಡಿ. ಕಾಲಿಡಲು ಜಾಗ ಇರಲ್ಲ.

ಬೆಳಗಿನ ಬಸ್ಸು:
ಕೆರೆಯಲ್ಲಿ ಈಜಬಹುದಾ?

ಹಿರೋಡೆಯವನು:
ಬೇಡ. ದಡದಲ್ಲಿ ಮೊಣಕಾಲುದ್ದ ಇರುತ್ತೆ, ಎರಡು ಹೆಜ್ಜೆಗೆ ಬಂಡೆ ಮುಗಿದು ಆಳ ಶುರು. ನೀರು ತಿಳಿಯಾಗಿರುವುದರಿಂದ ಕಣ್ಣಿಗೆ ಮೋಸ. ನಾವು ಊರವರೇ ಗೊತ್ತಿರುವ ಕಡೆ ಮಾತ್ರ ಇಳಿಯುತ್ತೇವೆ.

ನಿಧಾನವೇ ಪ್ರಧಾನ:
ಎರಡುಗಾಲಿಯವರೇ, ಮುಂದಿನ ಸಲ ನನ್ನನ್ನೂ ಕರೆಯಿರಿ. ಒಂದು ಷರತ್ತು. ಮೇಲುಕೋಟೆಯನ್ನು ಅದೇ ದಿನಕ್ಕೆ ಸೇರಿಸಬೇಡಿ. ಕೆರೆಗೆ ಒಂದು ದಿನ, ಬೆಟ್ಟಕ್ಕೆ ಒಂದು ದಿನ. ನಾನು ಬಸ್ಸಲ್ಲಿ ಬರುತ್ತೇನೆ, ನೀವು ತುಳಿದುಕೊಂಡು ಬನ್ನಿ. ಏರಿ ಬುಡದಲ್ಲಿ ಎಂಟು ಗಂಟೆಗೆ ಸಿಗೋಣ.

ಎರಡುಗಾಲಿ:
ಆಗಲಿ ಸಾರ್. ಜನವರಿ ಮೂರನೇ ಭಾನುವಾರ? ಫೆಬ್ರವರಿ ಕೊನೆಯಲ್ಲಿ ಮುತ್ತುಗದ ಹೂವಿಗೆ ಮೇಲುಕೋಟೆ ಬೇರೆಯಾಗಿ.

ಕಗ್ಗಲಿ:
ಫೆಬ್ರವರಿಗೆ ನಾನೂ ಬರುತ್ತೇನೆ. ನಾಯಿಗೆ ಬಿಸ್ಕತ್ತು ತರುತ್ತೇನೆ.

ಪಂಚರ್ ಪರಂಪರೆ:
ಅಡಾಪ್ಟರ್ ನಾಲ್ಕು ತಂದಿಟ್ಟಿದ್ದೇನೆ. ಒಂದು ಆ ಅಜ್ಜನ ಅಂಗಡಿಗೆ.